ಹಳೆ ಮೋಟಾರ್ ಬೋಟು ಕೊಳ್ಳುವ ಮುಂಚೆ: ಎಂಜಿನ್ ಆಮೇಲೆ, ಅದನ್ನು ಹೊತ್ತ ಹಲಗೆ ಮೊದಲು ನೋಡಿ

ಪ್ರಶ್ನೆ: ಸರ್, ನಾವು ಮುನಿರಾಬಾದ್ ಹತ್ತಿರದ ಹಳ್ಳಿಯವರು. ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ಇಷ್ಟು ದಿನ ಹರಗೋಲು, ಹುಟ್ಟು ಹಾಕುವ ದೋಣಿಯಲ್ಲೇ ದುಡಿದಿದ್ದೇವೆ. ಈಗ ನಾನು ಮತ್ತು ನಮ್ಮ ಭಾವ ಸೇರಿ ಒಂದು ಮೋಟಾರ್ ಬೋಟು ತರೋಣ ಅಂತಿದ್ದೇವೆ. ಉಡುಪಿ ಕಡೆಯವರೊಬ್ಬರು 18 ಅಡಿಯ ಫೈಬರ್ ಬೋಟು, 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಟ್ರೇಲರ್ ಎಲ್ಲಾ ಸೇರಿ 2.75 ಲಕ್ಷ ಹೇಳುತ್ತಿದ್ದಾರೆ. 14 ವರ್ಷ ಹಳೆಯದಂತೆ. ವಿಡಿಯೊದಲ್ಲಿ ಎಂಜಿನ್ ಒಂದೇ ಎಳೆತಕ್ಕೆ ಚಾಲೂ ಆಗುತ್ತದೆ, ಬಣ್ಣವೂ ಹೊಸದಾಗಿದೆ. ನಾಳೆ ನಾಡಿದ್ದರಲ್ಲಿ 20 ಸಾವಿರ ಅಡ್ವಾನ್ಸ್ ಹಾಕಿ ಅಂತಿದ್ದಾರೆ. ಹೋಗಿ ಏನೇನು ನೋಡಬೇಕು ಹೇಳಿ.

ಉತ್ತರ: ಮೊದಲು ಅಡ್ವಾನ್ಸ್ ಹಾಕಬೇಡಿ. ಬೋಟನ್ನು ಕಣ್ಣಾರೆ ನೋಡಿ, ನೀರಿಗಿಳಿಸಿ ಓಡಿಸಿ, ಆಮೇಲೆ ದುಡ್ಡಿನ ಮಾತು. ಬೇರೆಯವರು ಕೇಳ್ತಿದ್ದಾರೆ ಅಂತ ಅವಸರ ಮಾಡಿದರೆ ಅವರಿಗೇ ಕೊಡಲಿ ಬಿಡಿ. 14 ವರ್ಷ ಉಪ್ಪುನೀರಿನಲ್ಲಿ ದುಡಿದ ಬೋಟು ಇನ್ನೊಂದು ವಾರ ಕಾದರೆ ಏನೂ ಆಗುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎಂಜಿನ್ ಬಗ್ಗೆ ಇದೆ, ಬಣ್ಣದ ಬಗ್ಗೆ ಇದೆ. ಎಲ್ಲರೂ ನೋಡುವುದು ಈ ಎರಡನ್ನೇ. ಮಾರುವವರಿಗೂ ಅದು ಗೊತ್ತು, ಹಾಗಾಗಿ ಎಂಜಿನ್ ಟ್ಯೂನ್ ಮಾಡಿಸಿ ಬಣ್ಣ ಹೊಡೆಸಿ ಇಡುತ್ತಾರೆ. ನಾನು ಹೇಳುವುದು ಒಂದೇ: ಎಂಜಿನ್ ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಬಹುದು, ಆದರೆ ಆ ಎಂಜಿನ್ ಹೊತ್ತ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್, ಒಳಗೆ ಕೊಳೆತಿದ್ದರೆ ಆ ರಿಪೇರಿಗೆ ಕೊಳ್ಳುವ ಬೆಲೆಯ ದೊಡ್ಡ ಪಾಲೇ ಬೇಕಾಗುತ್ತದೆ. ಕೊಪ್ಪಳದಲ್ಲಾಗಲಿ ರಾಯಚೂರಿನಲ್ಲಾಗಲಿ ಆ ಕೆಲಸ ಸರಿಯಾಗಿ ಮಾಡುವವರು ಸಿಗುವುದೂ ಕಷ್ಟ. ಮತ್ತೆ ಕರಾವಳಿಗೇ ಹೊರಬೇಕಾಗುತ್ತದೆ.

ಟ್ರಾನ್ಸಮ್ ಕೆಡುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಫೈಬರ್ ಬೋಟುಗಳಲ್ಲಿ ಹಿಂಬದಿ ಗೋಡೆ ಬರೀ ಫೈಬರ್ ಆಗಿರುವುದಿಲ್ಲ. ಮಧ್ಯೆ ದಪ್ಪ ಪ್ಲೈವುಡ್ ಇಟ್ಟು ಎರಡೂ ಕಡೆ ಫೈಬರ್ ಹೊದಿಸಿರುತ್ತಾರೆ. ಎಂಜಿನ್ ಕೂರಿಸಲು ಅದರಲ್ಲಿ ಬೋಲ್ಟ್ ತೂತು ಕೊರೆಯುತ್ತಾರೆ, ನೀರು ಬಿಡುವ ಪ್ಲಗ್ಗಿಗೆ ಕೆಳಗೊಂದು ತೂತು, ಏಣಿಗೆ, ಸೆನ್ಸರಿಗೆ ಅಂತ ಮತ್ತಷ್ಟು ಸ್ಕ್ರೂ. ಆ ತೂತುಗಳಿಗೆ ಹಾಕಿದ ಸೀಲಂಟ್ ಕೆಲವು ವರ್ಷದಲ್ಲಿ ಬಿರುಕು ಬಿಡುತ್ತದೆ. ನೀರು ಸಣ್ಣಗೆ ಒಳಗಿಳಿಯುತ್ತದೆ, ಹೊರಗೆ ಬರಲು ದಾರಿಯಿಲ್ಲ. ಹೊರಗಿನ ಫೈಬರ್ ಗಟ್ಟಿಯಾಗಿಯೇ ಕಾಣುತ್ತದೆ, ಒಳಗಿನ ಮರ ಕೈಯಲ್ಲಿ ಹಿಂಡುವಷ್ಟು ಮೆತ್ತಗಾಗಿರುತ್ತದೆ. 70 ಕೆಜಿಗೂ ಮೇಲಿನ ಎಂಜಿನ್ ಅದರ ಮೇಲೆ ತೂಗುತ್ತಿರುತ್ತದೆ, ಥ್ರಾಟಲ್ ಕೊಟ್ಟಾಗಲೆಲ್ಲ ಬೋಟನ್ನು ಮುಂದಕ್ಕೆ ತಳ್ಳುವ ಬಲವೂ ಅದರ ಮೇಲೇ ಬೀಳುತ್ತದೆ. ಒಂದು ದಿನ ಫುಲ್ ಥ್ರಾಟಲ್‌ನಲ್ಲಿ ಬಿರುಕು ಬಿಟ್ಟರೆ ಎಂಜಿನ್ ಜೊತೆ ಹಿಂಬದಿಯೂ ನೀರಿಗೆ ಬಾಗುತ್ತದೆ. ಹಿನ್ನೀರಿನ ನಡುವೆ ಹಾಗಾದರೆ ಏನು ಗತಿ ಅಂತ ನಿಮಗೆ ಹೇಳಬೇಕಾಗಿಲ್ಲ.

ನೋಡುವ ಕ್ರಮ ಹೀಗೆ. ಬೋಟು ಟ್ರೇಲರ್ ಮೇಲಿರುವಾಗ ಎಂಜಿನ್ನನ್ನು ಅರ್ಧ ಮೇಲಕ್ಕೆತ್ತಿ ನಿಲ್ಲಿಸಿ. ನಿಮ್ಮ ಭಾವ ಎಂಜಿನ್ನಿನ ಕೆಳಗಾಲು, ಅಂದರೆ ಪ್ರೊಪೆಲರ್ ಇರುವ ಕೆಳತುದಿ, ಹಿಡಿದು ಮೇಲೆ ಕೆಳಗೆ ಜೋರಾಗಿ ಅಲುಗಾಡಿಸಲಿ. ನೀವು ಟ್ರಾನ್ಸಮ್ಮಿಗೆ ಮುಖ ಹತ್ತಿರ ಇಟ್ಟು, ಅದು ಬೋಟಿನ ಪಕ್ಕೆಗೂ ತಳಕ್ಕೂ ಸೇರುವ ಮೂಲೆಗಳನ್ನೇ ನೋಡುತ್ತಿರಿ. ಎಂಜಿನ್ ಬ್ರಾಕೆಟ್ ಸ್ವಲ್ಪ ಆಡಿದರೆ ಅದು ಬೇರೆ ವಿಷಯ. ಗೋಡೆಯೇ ಒಳಗೆ ಹೊರಗೆ ಆಡಿದರೆ, ಮೂಲೆಯಲ್ಲಿ ಕೂದಲೆಳೆ ಬಿರುಕು ಬಾಯಿ ತೆರೆದು ಮುಚ್ಚಿದರೆ ಅಲ್ಲಿಗೆ ಮಾತು ಮುಗಿಸಿ. ಆಮೇಲೆ ಎಂಜಿನ್ ಬೋಲ್ಟಿನ ವಾಷರ್‌ಗಳನ್ನು ನೋಡಿ. ಫೈಬರ್‌ನೊಳಗೆ ಹೂತುಕೊಂಡಿದ್ದರೆ ಒಳಗಿನ ಮರ ಮೆತ್ತಗಾಗಿದೆ ಅಂತಲೇ ಅರ್ಥ.

ಇನ್ನು ಬಡಿದು ನೋಡುವುದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಹೆಂಗಸರು ಬೆರಳ ಗಂಟಿನಿಂದ ಬಡಿದು ಕೇಳುತ್ತಾರಲ್ಲ, ಕೆಲಸ ಅದೇ. ಪ್ಲಾಸ್ಟಿಕ್ ಸುತ್ತಿಗೆ ಅಥವಾ ಸ್ಕ್ರೂಡ್ರೈವರ್‌ನ ಹಿಡಿ ಸಾಕು. ಟ್ರಾನ್ಸಮ್ಮಿನ ಮೇಲ್ಭಾಗದಿಂದ ಶುರುಮಾಡಿ ಗೇಣು ಗೇಣಿಗೆ ಬಡಿಯುತ್ತಾ ಕೆಳಗೆ ಬನ್ನಿ. ಗಟ್ಟಿ ಮರವಿದ್ದರೆ ಟಕ್ ಟಕ್ ಅಂತ ಚುರುಕಾದ ಸದ್ದು, ಸುತ್ತಿಗೆಯೂ ಪುಟಿಯುತ್ತದೆ. ಕೊಳೆತಿದ್ದರೆ ದಬ್ ಅಂತ ಸತ್ತ ಸದ್ದು. ಹೆಚ್ಚಾಗಿ ನೀರು ಬಿಡುವ ಪ್ಲಗ್ಗಿನ ಸುತ್ತ, ಕೆಳಗಿನ ಎರಡು ಮೂಲೆಗಳಲ್ಲಿ ಈ ಸದ್ದು ಮೊದಲು ಸಿಗುತ್ತದೆ. ಸಂಶಯ ಬಂದರೆ ಮಾಲೀಕರ ಒಪ್ಪಿಗೆ ಕೇಳಿ ಅಲ್ಲಿನ ಒಂದು ಸಣ್ಣ ಸ್ಕ್ರೂ ಬಿಚ್ಚಿಸಿ.

ಹಿನ್ನೀರಿನ ಕಡೆಯ ಒಬ್ಬರ ಬೋಟು ನೋಡಲು ಹೋದಾಗ ನಾನೂ ಇದನ್ನೇ ಮಾಡಿದ್ದೆ. ಬಿಳಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಹಿಂದಿನ ಏಣಿಯ ಕೆಳಗಿನ ಸ್ಕ್ರೂ ತಿರುಗಿಸಿದರೆ ಹಿಡಿತವೇ ಇಲ್ಲ, ಕೈಯಲ್ಲೇ ಬಂತು. ತೂತಿನಿಂದ ಕಂದು ನೀರು ತೊಟ್ಟಿಕ್ಕತೊಡಗಿತು, ತೂತಿನ ಬಾಯಿ ಒರೆಸಿದ ಬಟ್ಟೆಯ ಮೇಲೆ ಕೊಳೆತ ಎಲೆ ವಾಸನೆಯ ಮರದ ಚೂರು. ಆ ಬೋಟು ನೀರು ಬಿಟ್ಟು ಹೊರಗೆ ಬಂದು ತಿಂಗಳ ಮೇಲಾಗಿತ್ತು, ಅದೂ ನಮ್ಮ ಬೇಸಿಗೆಯಲ್ಲಿ. ಫೈಬರ್ ನಡುವೆ ಸೇರಿದ ನೀರು ಬಿಸಿಲಿಗೆ ಒಣಗುತ್ತದೆ ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಹಾಗೇ ನೆಲದ ಮೇಲೆ ಚಪ್ಪಲಿ ಬಿಟ್ಟು ಹಿಮ್ಮಡಿ ಊರಿ ನಡೆಯಿರಿ. ಎಲ್ಲಾದರೂ ಕಾಲ ಕೆಳಗೆ ತಗ್ಗಿದರೆ ಅಲ್ಲಿನ ಪ್ಲೈವುಡ್ ಹೋಗಿದೆ. ನೆಲ ಹೋದರೆ ಬದಲಿಸಬಹುದು, ಆದರೆ ಅದರ ಕೆಳಗೆ ಉದ್ದಕ್ಕೂ ಹಾಯುವ ತೊಲೆಗಳು, ಸ್ಟ್ರಿಂಗರ್ ಅಂತಾರೆ, ಅವೂ ಹೋಗಿರುವ ಸಂಭವ ಜಾಸ್ತಿ. ಹಿಂದುಗಡೆಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ತೊಲೆ ತಳಕ್ಕೆ ಅಂಟಿದ ಜಾಗದಲ್ಲಿ ಬಿರುಕಿದೆಯಾ ನೋಡಿ.

ನೆಲದ ಕೆಳಗೆ ತೇಲಲಿ ಅಂತ ಫೋಮ್ ತುಂಬಿರುತ್ತಾರೆ. ಹಳೆಯ ಬೋಟಿನಲ್ಲಿ ಆ ಫೋಮ್ ನೀರು ಕುಡಿದಿದ್ದರೆ ಬೋಟಿನ ತೂಕ 100 ಕೆಜಿಗೂ ಮೇಲೆ ಏರಿರಬಹುದು, ಹೊರಗಿನಿಂದ ಒಂಚೂರೂ ಗೊತ್ತಾಗುವುದಿಲ್ಲ. ಇದಕ್ಕೆ ಸುಲಭದ ಉಪಾಯ ವೇ ಬ್ರಿಡ್ಜ್. ನಮ್ಮಲ್ಲಿ ಭತ್ತದ ಲಾರಿ, ಅದಿರಿನ ಲಾರಿ ತೂಗುವ ಕಾಟಾ ಇದೆಯಲ್ಲ, ಅಂಥದ್ದು ಕರಾವಳಿಯ ಹೆದ್ದಾರಿಯಲ್ಲೂ ಸಿಗುತ್ತದೆ. ಟ್ರೇಲರನ್ನು ಗಾಡಿಯಿಂದ ಬಿಡಿಸಿ ಬೋಟಿನ ಸಮೇತ ಒಮ್ಮೆ ತೂಗಿಸಿ, ಬೋಟು ನೀರಿನಲ್ಲಿರುವಾಗ ಖಾಲಿ ಟ್ರೇಲರ್ ಒಮ್ಮೆ ತೂಗಿಸಿ. ಎರಡರ ವ್ಯತ್ಯಾಸದಲ್ಲಿ ಎಂಜಿನ್, ಬ್ಯಾಟರಿ, ಪೆಟ್ರೋಲ್ ತೂಕ ಕಳೆದರೆ ಬೋಟಿನ ತೂಕ ಬಂತು. ಅದನ್ನು ಕಟ್ಟಿದ ಯಾರ್ಡಿನವರು ಹೇಳುವ ತೂಕದ ಜೊತೆ ಹೋಲಿಸಿ. ನೂರೋ ಇನ್ನೂರೋ ರೂಪಾಯಿ ಕೊಟ್ಟು ಸಿಗುವ ಇಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಆದರೂ ಇದನ್ನು ಮಾಡುವವರು ಕಡಿಮೆ.

ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡರೆ ಹೆದರಬೇಡಿ. ಬಹಳ ದಿನ ನೀರಿನಲ್ಲೇ ಬಿಟ್ಟ ಬೋಟಿಗೆ ಅದು ಬರುತ್ತದೆ, ಉಜ್ಜಿ ಎಪಾಕ್ಸಿ ಹಚ್ಚಿದರೆ ಆಯಿತು. ಅಂಗೈಯಗಲದ ಗುಳ್ಳೆ, ಚುಚ್ಚಿದರೆ ಹುಳಿ ವಾಸನೆಯ ನೀರು ಬರುವಂಥದ್ದು ಇದ್ದರೆ ಮಾತ್ರ ಯೋಚನೆ ಮಾಡಿ. ಬಣ್ಣದ ಮೇಲಿನ ಜೇಡರ ಬಲೆಯಂಥ ಬಿರುಕುಗಳೂ ಅಷ್ಟೇ. ಎಲ್ಲೆಂದರಲ್ಲಿ ಚದುರಿದ್ದರೆ ಬಿಸಿಲಿನದು, ಒಂದೇ ಬಿಂದುವಿನಿಂದ ಸುತ್ತ ಹರಡಿದ್ದರೆ ಅಲ್ಲಿ ಏನೋ ಬಡಿದಿದೆ. ಅಲ್ಲಿ ಒಳಗಿನಿಂದಲೂ ನೋಡಿ.

ಈಗ ಎಂಜಿನ್. ಫೋನಿನಲ್ಲೇ ಕೇಳಬೇಕಾದ ಮೊದಲ ಪ್ರಶ್ನೆ: ಇದು ಪೆಟ್ರೋಲ್ ಎಂಜಿನ್ನೋ, ಸೀಮೆಎಣ್ಣೆ ಎಂಜಿನ್ನೋ? ನಮ್ಮ ಕಡೆಯವರಿಗೆ ಇದು ಹೊಳೆಯುವುದೇ ಇಲ್ಲ. ಕರಾವಳಿಯ ನಾಡದೋಣಿಗಳಿಗೆ ಸರ್ಕಾರ ರಿಯಾಯಿತಿ ದರದಲ್ಲಿ ಸೀಮೆಎಣ್ಣೆ ಕೊಡುತ್ತದೆ, ಹಾಗಾಗಿ ಅಲ್ಲಿ ಸೀಮೆಎಣ್ಣೆ ಔಟ್‌ಬೋರ್ಡ್‌ಗಳು ಬಹಳ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನೀವು ವಿಡಿಯೊದಲ್ಲಿ ನೋಡಿದ ಒಂದೇ ಎಳೆತದ ಚಾಲೂ ಇದಕ್ಕೂ ಹೊಂದುತ್ತದೆ. ಗುರುತು ಹಿಡಿಯುವುದು ಸುಲಭ: ದೊಡ್ಡ ಟ್ಯಾಂಕಿನ ಜೊತೆ ಪೆಟ್ರೋಲಿಗೆ ಅಂತ ಚಿಕ್ಕದೊಂದು ಟ್ಯಾಂಕು, ಎರಡರ ನಡುವೆ ತಿರುಗಿಸುವ ಕಾಕ್ ಇರುತ್ತದೆ. ಈ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ, ಹುಟ್ಟಿನಿಂದಲೇ ಕಡಿಮೆ, ಮಸಿ ಕಟ್ಟುವುದು ಜಾಸ್ತಿ. ಕೊಪ್ಪಳ ಜಿಲ್ಲೆಯಲ್ಲಿ ಬೋಟು ಓಡಿಸುವಷ್ಟು ಸೀಮೆಎಣ್ಣೆ ನಿಮಗೆ ಎಲ್ಲಿ ಸಿಗಬೇಕು? ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಅದೇ ಎಚ್‌ಪಿಯ ಪೆಟ್ರೋಲ್ ಎಂಜಿನ್ ಕೊಡುವ ಮೈಲೇಜು, ಎಳೆತ ಎರಡೂ ಸಿಗುವುದಿಲ್ಲ. ಸೀಮೆಎಣ್ಣೆಯದು ಅಂತಾದರೆ ನನ್ನ ಮಟ್ಟಿಗೆ ಅದು ನಿಮಗಲ್ಲ.

ಪೆಟ್ರೋಲಿನದೇ ಅಂದುಕೊಳ್ಳೋಣ. ಹೋಗುವ ದಿನ ಎಂಜಿನ್ ಚಾಲೂ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ, ಹೋದ ಕೂಡಲೇ ಮೇಲಿನ ಕವಚ ತೆಗೆಸಿ ಸಿಲಿಂಡರ್ ಹೆಡ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿರುವ ಎಂಜಿನ್ ಚಾಲೂ ಆಗುವ ರೀತಿಯೇ ಬೇರೆ, ಒಮ್ಮೆ ಬಿಸಿಯಾದ ಮೇಲೆ ಅರ್ಧ ಸತ್ತ ಎಂಜಿನ್ನೂ ಎದ್ದು ಕೂರುತ್ತದೆ.

ಚಾಲೂ ಮಾಡುವುದಕ್ಕೂ ಮುಂಚೆ ಗೇರ್ ಆಯಿಲ್ ನೋಡಬೇಕು, ಈ ಕ್ರಮ ತಪ್ಪಿಸಬೇಡಿ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ನೀರು ಸೇರಿದ್ದರೆ ಅದು ತಳಕ್ಕೆ ಇಳಿದಿರುತ್ತದೆ. ಕೆಳಗಾಲಿನ ಕೆಳ ಸ್ಕ್ರೂ ಸ್ವಲ್ಪ ಸಡಿಲಿಸಿದರೆ ಮೊದಲು ಬರುವುದು ಆ ನೀರೇ. ಓಡಿಸಿದ ಮೇಲೆ ನೋಡಿದರೆ ಎರಡೂ ಕಲಸಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಎರಡರ ಅರ್ಥವೂ ಒಂದೇ, ಸೀಲ್ ಹೋಗಿದೆ. ಬರೀ ಸೀಲ್ ಆದರೆ ದೊಡ್ಡ ಖರ್ಚಲ್ಲ, ಆದರೆ ಆ ನೀರು ಎಷ್ಟು ದಿನದಿಂದ ಬೇರಿಂಗು, ಗೇರು ತಿಂದಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಸ್ಕ್ರೂ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದನ್ನು ಬೆರಳಿಗೆ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ, ಚುಚ್ಚುವಂಥ ಚೂರು ಸಿಕ್ಕರೆ ಗೇರ್ ಹಲ್ಲು ಉದುರುತ್ತಿದೆ.

ಅಲ್ಲೇ ಪ್ರೊಪೆಲರ್ ಬಿಚ್ಚಿಸಿ. ಅದರ ಹಿಂದೆ ಶಾಫ್ಟಿಗೆ ನೈಲಾನ್ ದಾರ ಸುತ್ತಿಕೊಂಡಿರುತ್ತದೆ, ಮೀನುಗಾರರ ಬೋಟಿನಲ್ಲಂತೂ ತಪ್ಪದೆ. ಬಲೆಯ ದಾರ ಬಿಸಿಯಾಗಿ ಸೀಲನ್ನು ಕತ್ತರಿಸುತ್ತದೆ, ನೀರು ಸೇರುವುದು ಹೆಚ್ಚಾಗಿ ಹೀಗೆ. ನೀವೂ ಬಲೆ ಬಿಡುವವರು, ನಾಳೆ ನಿಮ್ಮ ಬೋಟಿಗೂ ಇದೇ ಆಗುತ್ತದೆ, ಆಗಾಗ ಬಿಚ್ಚಿ ನೋಡುವ ರೂಢಿ ಮಾಡಿಕೊಳ್ಳಿ. ಶಾಫ್ಟ್ ಬಾಗಿದೆಯಾ ನೋಡಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ನಿಲ್ಲಿಸುವ ಸ್ಟಾಪ್ ಸ್ವಿಚ್‌ನ ದಾರ ತೆಗೆದು, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ, ತುದಿಯ ಪಕ್ಕ ಒಂದು ಕಡ್ಡಿ ಅಲುಗಾಡದಂತೆ ಹಿಡಿಯಿರಿ. ನಡುವಿನ ಸಂದು ಕಿರಿದಾಗಿ ಹಿರಿದಾಗಿ ಆಗುತ್ತಿದ್ದರೆ ಕಲ್ಲಿಗೆ ಬಡಿದಿದೆ.

ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಮಲ್ಪೆ ಕಡೆ ಔಟ್‌ಬೋರ್ಡ್ ಮೆಕ್ಯಾನಿಕ್‌ಗಳಿಗೆ ಬರವಿಲ್ಲ, ಆದರೆ ಮಾರುವವರು ತೋರಿಸಿದವರು ಬೇಡ, ನೀವೇ ಹುಡುಕಿ ಕೂಲಿ ಕೊಟ್ಟು ಕರೆಯಿರಿ. ಎಲ್ಲಾ ಸ್ಪಾರ್ಕ್ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಹಗ್ಗ ಐದಾರು ಸಲ ಎಳೆದು ಪ್ರತಿ ಸಿಲಿಂಡರ್ ಅಳೆಯಬೇಕು. ಅಂಕಿ ಎಷ್ಟು ಅನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಶೇ 10ಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಇದ್ದರೆ ಕಡಿಮೆ ಇರುವುದರಲ್ಲಿ ರಿಂಗೋ ಬೋರೋ ಸವೆದಿದೆ. ಹೊರಬಂದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ, ಎಲ್ಲವೂ ಒಂದೇ ಬಣ್ಣ ಇರಬೇಕು.

ಚಾಲೂ ಆದ ಮೇಲೆ ಹಿಂದಿನಿಂದ ಸಣ್ಣ ನೀರಿನ ಎಳೆ ಚಿಮ್ಮುತ್ತದೆ, ಅದರ ಮೇಲೆ ಕಣ್ಣಿರಲಿ. ನೀರು ಜೋರಾಗಿ, ಬಿಡದೆ ಬರಬೇಕು. ಕೈ ಹಿಡಿದರೆ ಬೆಚ್ಚಗಿರಬೇಕು, ಸುಡಬಾರದು. ನೀರು ಎತ್ತುವ ಇಂಪೆಲರ್ ರಬ್ಬರಿನದು, ಸವೆದಿದ್ದರೆ ಹೊಸದು ಹಾಕಿದರಾಯಿತು, ಕಡಿಮೆ ಖರ್ಚು. ನೀರಿಲ್ಲದೆ ಒಂದು ನಿಮಿಷವೂ ಓಡಿಸಲು ಬಿಡಬೇಡಿ, ಡ್ರಮ್ಮಿನಲ್ಲಿ ನೀರು ತುಂಬಿ ಕಾಲು ಮುಳುಗಿಸಿಯೇ ಚಾಲೂ ಮಾಡಿಸಿ. ನಿಜವಾದ ಚಿಂತೆ ಒಳಗಿನ ಉಪ್ಪಿನದು. ಹೆಡ್ ಬೋಲ್ಟುಗಳ ಸುತ್ತ, ಥರ್ಮೋಸ್ಟಾಟ್ ಮುಚ್ಚಳದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ, ಹೆಡ್ ಮೇಲಿನ ಬಣ್ಣ ಸುಟ್ಟು ಉಬ್ಬಿದೆಯಾ ನೋಡಿ. ಇದ್ದರೆ ನೀರಿನ ದಾರಿ ಕಟ್ಟಿಕೊಂಡು ಎಂಜಿನ್ ಒಮ್ಮೆಯಾದರೂ ಕಾದಿದೆ. ನಮ್ಮ ಸಿಹಿನೀರಿಗೆ ತಂದರೆ ತೊಳೆದು ಹೋಗುತ್ತದೆ ಅಂತ ಹೇಳುವವರಿದ್ದಾರೆ. ಗಟ್ಟಿಯಾಗಿ ಕೂತ ಉಪ್ಪು ಹಾಗೆ ಹೋಗುವುದಿಲ್ಲ. ನಮ್ಮ ಹೊಳೆಯ ಹೂಳು ಅದರ ಮೇಲೆ ಕೂತು ಇನ್ನೂ ಕೆಡುತ್ತದೆ. ತುಂಗಭದ್ರಾ ಜಲಾಶಯ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 106ರ ಆಸುಪಾಸಿಗೆ ಇಳಿದಿದೆ. ಹಿನ್ನೀರಿನ ಅಂಚಿನಲ್ಲಿ ಎಂಜಿನ್ ಎಳೆಯುವುದು ಆ ಹೂಳಿನ ನೀರನ್ನೇ. ಇಲ್ಲಿ ಇಂಪೆಲರ್ ವರ್ಷಕ್ಕೊಂದು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಎಂಜಿನ್ನಿಗೆ ಹಚ್ಚಿದ ಆನೋಡ್ ಅನ್ನುವ ಲೋಹದ ತುಂಡೂ ನೋಡಿ. ಬೇರೆ ಭಾಗಗಳ ಬದಲು ತಾನು ಸವೆಯಲಿ ಅಂತಲೇ ಅದನ್ನು ಹಾಕಿರುತ್ತಾರೆ. ಪೂರ್ತಿ ಕರಗಿ ಹೋಗಿದ್ದರೆ ಮಾಲೀಕರು ಗಮನ ಕೊಟ್ಟಿಲ್ಲ, ಅದರ ಮೇಲೆ ಬಣ್ಣ ಹೊಡೆದಿದ್ದರೆ ಅದರ ಕೆಲಸವೇ ಗೊತ್ತಿಲ್ಲ. ಕರಾವಳಿಯಲ್ಲಿ ಹಾಕುವುದು ಸತುವಿನದು, ಸಿಹಿನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಇಲ್ಲಿಗೆ ತಂದ ಮೇಲೆ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಹಾಕಿಸಿ.

ಇಷ್ಟೂ ನೆಲದ ಮೇಲಿನ ಪರೀಕ್ಷೆ. ಇದರಲ್ಲಿ ಗೆದ್ದರೆ ನೀರಿಗಿಳಿಸಿ. ಇಬ್ಬರೇ ಕೂತು ಒಂದು ಸುತ್ತು ಹೊಡೆದು ಬರುವುದಲ್ಲ. ನೀವು ದಿನಾ ಎಷ್ಟು ಭಾರ ಹೇರುತ್ತೀರೋ ಅಷ್ಟೇ ಜನ, ಮರಳಿನ ಚೀಲ ಹೇರಿ ಓಡಿಸಿ. ಥ್ರಾಟಲ್ ಪೂರ್ತಿ ಕೊಟ್ಟಾಗ ಬೋಟು ಮೂತಿ ಎತ್ತಿ, ಆಮೇಲೆ ಮಟ್ಟಸವಾಗಿ ನೀರಿನ ಮೇಲೆ ಜಾರಬೇಕು. ಟ್ಯಾಕೋಮೀಟರ್ ಇಟ್ಟು ಆರ್‌ಪಿಎಂ ನೋಡಿ, ಆ ಮಾದರಿಯ ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗೆ ಬರಬೇಕು. ಎಂಜಿನ್ ಕಿರುಚಿ ಬೋಟು ಮುಂದೆ ಹೋಗದಿದ್ದರೆ ಪ್ರೊಪೆಲರ್‌ನ ಒಳಗಿನ ರಬ್ಬರ್ ಜಾರುತ್ತಿದೆ. ಭಾರಕ್ಕೆ ಗೇರ್ ತಾನಾಗಿ ಕಳಚಿದರೆ ಒಳಗಿನ ಕ್ಲಚ್ ಹಲ್ಲು ಸವೆದಿದೆ. ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ, ಆಮೇಲೆ ಆಫ್ ಮಾಡಿ ಮತ್ತೆ ಚಾಲೂ ಮಾಡಿ. ನೀವು ಬಲೆ ಎಳೆಯುವಾಗ ಎಂಜಿನ್ ಇರುವುದೇ ಐಡಲ್‌ನಲ್ಲಿ ಅಲ್ವಾ, ಅಲ್ಲಿ ಕೈಕೊಡುವ ಎಂಜಿನ್ ಎಷ್ಟು ಜೋರಾಗಿ ಓಡಿದರೇನು. ದಡಕ್ಕೆ ಬಂದ ಮೇಲೆ ಹಿಂದಿನ ಪ್ಲಗ್ ಬಿಚ್ಚಿ ಎಷ್ಟು ನೀರು ಹೊರಬರುತ್ತದೆ ನೋಡಿ.

ಒಂದು ಮಾತು ಇಲ್ಲಿ ಸೇರಿಸಬೇಕು, ಕರಾವಳಿಯವರು ಇದನ್ನು ಹೇಳುವುದಿಲ್ಲ, ಅವರಿಗೆ ಇದರ ಅಗತ್ಯವೂ ಬಿದ್ದಿರುವುದಿಲ್ಲ. ನಮ್ಮ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟಕ್ಕಿಂತ 1633 ಅಡಿ ಮೇಲಿದೆ. ಪ್ರತಿ ಸಾವಿರ ಅಡಿಗೆ ಪೆಟ್ರೋಲ್ ಎಂಜಿನ್ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಅಂದರೆ ಇಲ್ಲಿ ಶೇ 5ರಷ್ಟು ಹಾಗೇ ಹೋಯಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಗಾಳಿ ತೆಳುವಾಗಿ ಇನ್ನಷ್ಟು ಹೋಗುತ್ತದೆ. ಸಿಹಿನೀರು ಹಗುರ, ಹಾಗಾಗಿ ಬೋಟು ಒಂಚೂರು ಕೆಳಗೆ ಕೂರುತ್ತದೆ. ಮಲ್ಪೆಯಲ್ಲಿ ಐದು ಜನರನ್ನು ಹೊತ್ತು ಕಷ್ಟಪಟ್ಟು ಜಾರಿದ ಬೋಟು ಇಲ್ಲಿ ಜಾರದೇ ಹೋಗಬಹುದು. ಅದಕ್ಕೆ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ, ಒಂದೆರಡು ಇಂಚು ಕಡಿಮೆ ಇರುವ ಪ್ರೊಪೆಲರ್ ಹಾಕಬೇಕಾಗುತ್ತದೆ, ಅದರ ಖರ್ಚೂ ಲೆಕ್ಕದಲ್ಲಿರಲಿ. ಹಳೆಯ ಪ್ರೊಪೆಲರ್ ಎಸೆಯಬೇಡಿ. ನೀರು ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಕಲ್ಲು, ಮರದ ಬುಡ ಮೇಲೆ ಬರುತ್ತವೆ, ಒಂದು ಹೆಚ್ಚಿನದು ಬೋಟಿನಲ್ಲಿ ಇರಲೇಬೇಕು.

ಪೆಟ್ರೋಲಿನ ವಿಷಯ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 14 ವರ್ಷದ ಹಿಂದಿನ ಪೈಪು, ಕಾರ್ಬೊರೇಟರ್ ರಬ್ಬರುಗಳು ಇದಕ್ಕೆ ಅಂತ ಮಾಡಿದವಲ್ಲ. ಪೈಪನ್ನು ಹಿಡಿದು ಬಗ್ಗಿಸಿ, ಬಿರುಕು ಕಂಡರೆ ಅಥವಾ ಕೈಗೆ ಅಂಟಿದರೆ ಎಲ್ಲಾ ಪೈಪು ಬದಲಿಸುವ ಲೆಕ್ಕ ಹಾಕಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ತಳದಲ್ಲಿ ಕೂರುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಹಾಕಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ತಳದಿಂದ ಎಳೆದರೆ ಎಣ್ಣೆಯಿಲ್ಲದ ನೀರು ಕುಡಿದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದಕ್ಕೆ ಟ್ಯಾಂಕಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಇಟ್ಟು ನೋಡಿ, ಎರಡು ಪದರ ಆಗಬಾರದು.

ಸ್ಟಿಯರಿಂಗ್ ಎರಡೂ ಕಡೆ ಸಲೀಸಾಗಿ ತಿರುಗಬೇಕು, ಬಿಗಿಯಾಗಿದ್ದರೆ ಉಪ್ಪು ಹಿಡಿದಿದೆ. ಕೈಗೆ ಕಟ್ಟುವ ಕೆಂಪು ದಾರ ಎಳೆದರೆ ಎಂಜಿನ್ ತಕ್ಷಣ ನಿಲ್ಲಬೇಕು. ವೈರಿಂಗ್ ಹಸಿರುಗಟ್ಟಿದ್ದರೆ ಪೂರ್ತಿ ಹೊಸದು ಹಾಕಿಸಿ. ಲೈಫ್ ಜಾಕೆಟ್ ಜೊತೆಗೆ ಕೊಡುತ್ತೇನೆ ಅಂದರೂ ಹಳೆಯದನ್ನು ನಂಬಬೇಡಿ, ಹೊಸದೇ ಕೊಳ್ಳಿ.

ಟ್ರೇಲರ್ ಬಗ್ಗೆ ಅಸಡ್ಡೆ ಬೇಡ. ಉಪ್ಪುನೀರಿಗೆ ಇಳಿದಿಳಿದು ಚಕ್ರದ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಗದಗ ದಾಟಿ ಕೊಪ್ಪಳಕ್ಕೆ ಬರುವುದರೊಳಗೆ ಅಂಥ ಬೇರಿಂಗ್ ಕಾದು ಚಕ್ರವೇ ಕಳಚಬಹುದು. ಜಾಕ್ ಹಾಕಿ ಚಕ್ರ ತಿರುಗಿಸಿ ಸದ್ದು ಕೇಳಿ, ಟೈರಿನ ಪಕ್ಕದಲ್ಲಿ ಬರೆದ ತಯಾರಿಯ ವಾರ ಮತ್ತು ವರ್ಷ ಓದಿ. ಅನುಮಾನ ಬಂದರೆ ಟ್ರೇಲರ್ ಅಲ್ಲೇ ಬಿಟ್ಟು ಬೋಟನ್ನು ಲಾರಿಯಲ್ಲಿ ತನ್ನಿ.

ಕಾಗದಪತ್ರ. ಎಂಜಿನ್ ಬ್ರಾಕೆಟ್ ಮೇಲಿನ ನಂಬರ್ ಪ್ಲೇಟ್ ಇದೆಯಾ, ಬಿಲ್ಲಿನ ನಂಬರಿಗೆ ತಾಳೆ ಆಗುತ್ತದಾ ನೋಡಿ. ಪ್ಲೇಟ್ ಕಿತ್ತಿದ್ದರೆ ಮುಟ್ಟಬೇಡಿ. ಬೋಟು ಅಲ್ಲಿ ಮೀನುಗಾರಿಕೆಗೆ ನೋಂದಣಿ ಆಗಿದ್ದರೆ ಆ ನೋಂದಣಿ ಮಾಲೀಕರ ಹೆಸರಿನಲ್ಲೇ ಇದೆಯಾ, ಸೊಸೈಟಿಯದೋ ಬ್ಯಾಂಕಿನದೋ ಸಾಲ ಬಾಕಿ ಇದೆಯಾ ಕೇಳಿ, ಬಾಕಿ ಇಲ್ಲ ಅನ್ನುವ ಪತ್ರ ತನ್ನಿ. ಒಳನಾಡಿನಲ್ಲಿ ಯಂತ್ರದಿಂದ ಓಡುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ, ಅದರಲ್ಲಿ ಸರ್ವೆ, ನೋಂದಣಿ, ವಿಮೆಯ ನಿಯಮಗಳಿವೆ. ಜಲಾಶಯದ ಮೀನುಗಾರಿಕೆ ತುಂಗಭದ್ರಾ ಮಂಡಳಿಗೆ ಸೇರಿದ್ದು, ನಿಮ್ಮ ಈಗಿನ ಲೈಸೆನ್ಸ್ ಮೋಟಾರಿಗೂ ಅನ್ವಯಿಸುತ್ತದಾ ಅಂತ ಬೋಟು ಕೊಳ್ಳುವ ಮುಂಚೆ ಮಂಡಳಿಯಲ್ಲಿ ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. ಮುಂದೆ ಜನರನ್ನು ಸುತ್ತಿಸಿ ದುಡಿಯುವ ಆಸೆ ಇದ್ದರೆ ಅದರ ಪರವಾನಗಿ ಬೇರೆಯೇ. ಅಣೆಕಟ್ಟೆಯ ಕೆಳಗೆ ಹೊಳೆಗಂತೂ ಮೋಟಾರ್ ಇಳಿಸುವ ಯೋಚನೆ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಆ ಪ್ರಾಣಿಗಳು ಮರಿ ಸಾಕುತ್ತವೆ, ಪ್ರೊಪೆಲರ್ ಸದ್ದು ಅವಕ್ಕೆ ಬೇಡ.

ಕೊನೆಗೆ ನೀವು ಕೇಳದ ಒಂದು ವಿಷಯ. ಬಲೆ ಬಿಟ್ಟು ಎತ್ತುವ ಕೆಲಸಕ್ಕೆ 40 ಎಚ್‌ಪಿ ಬೇಕಾ? ಹಳೆಯ ಟೂ ಸ್ಟ್ರೋಕ್ 40 ಎಚ್‌ಪಿ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 15 ಲೀಟರಿಗೂ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಮೀನು ಮಾರಿ ಬಂದ ದುಡ್ಡೆಲ್ಲ ಬಂಕಿಗೆ ಹೋದರೆ ನಿಮಗೇನು ಉಳಿಯಿತು? 9.9 ಎಚ್‌ಪಿಯ ಫೋರ್ ಸ್ಟ್ರೋಕ್ ಸಿಕ್ಕರೆ ನಿಧಾನ ಆದರೂ ಖರ್ಚು ಎಷ್ಟೋ ಕಡಿಮೆ, ಎಣ್ಣೆ ಬೆರೆಸುವ ತಾಪತ್ರಯವೂ ಇಲ್ಲ. ಆದರೆ ಆಷಾಢದ ಗಾಳಿಗೆ ನಮ್ಮ ಹಿನ್ನೀರಿನಲ್ಲಿ ಅಲೆ ಏಳುವುದು ನಿಮಗೇ ಗೊತ್ತು, ಬಹಳ ದೂರ ಹೋಗುವವರಾದರೆ ಬಲ ಇದ್ದ ಎಂಜಿನ್ ಬೇಕಾಗುತ್ತದೆ. ದಿನಕ್ಕೆ ಎಷ್ಟು ದೂರ, ಎಷ್ಟು ಭಾರ ಅಂತ ಭಾವನ ಜೊತೆ ಕೂತು ಲೆಕ್ಕ ಹಾಕಿ. ಒಳ್ಳೆಯ ಟ್ರಾನ್ಸಮ್ ಇರುವ ಬರೀ ಬೋಟು ಸಿಕ್ಕಿದರೆ, ಚಿಕ್ಕ ಎಂಜಿನ್ ಬೇರೆ ಕಡೆ ಕೊಂಡರೂ ನಡೆಯುತ್ತದೆ.

ಹೋಗುವುದಾದರೆ ಬೆಳಗ್ಗೆಯೇ ತಲುಪುವಂತೆ ಹೊರಡಿ. ಪ್ಲಾಸ್ಟಿಕ್ ಸುತ್ತಿಗೆ, ಟಾರ್ಚ್, ದೊಡ್ಡ ಸ್ಕ್ರೂಡ್ರೈವರ್, ಪ್ಲಗ್ ಪಾನಾ, ಗಾಜಿನ ಬಾಟಲಿ, ಬಿಳಿ ಬಟ್ಟೆ ಇವಿಷ್ಟು ಚೀಲದಲ್ಲಿರಲಿ. ಟ್ರಾನ್ಸಮ್ಮಿನ ಕೆಳಮೂಲೆಗಳ ಮತ್ತು ಗೇರ್ ಆಯಿಲ್ ಬಿದ್ದ ಬಟ್ಟೆಯ ಫೋಟೊ ಹತ್ತಿರದಿಂದ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೂ ಅಡ್ವಾನ್ಸ್ ಹಾಕಬೇಡಿ.